ಹಗಲಲ್ಲಿ ಹುಲ್ಲಿನ ಮೇಲೆ ಮಲಗಿದ್ದ ಹೆಡ್ಜ್‌ಹಾಗ್ ನಿದ್ದೆ ಮಾಡುತ್ತಿರಲಿಲ್ಲ

ಪ್ರಶ್ನೆ: ಮೇಡಂ, ನಮಸ್ಕಾರ. ನಾವು ಮೂರು ವರ್ಷದಿಂದ ಇಂಗ್ಲೆಂಡಿನ ರೆಡಿಂಗ್‌ನಲ್ಲಿದ್ದೇವೆ. ಕಳೆದ ಶನಿವಾರ ಮಧ್ಯಾಹ್ನ ಎರಡು ಗಂಟೆ ಹೊತ್ತಿಗೆ ಹಿತ್ತಲಿನ ಹುಲ್ಲಿನ ಮೇಲೆ ಒಂದು ಹೆಡ್ಜ್‌ಹಾಗ್, ಅಂದರೆ ಇಲ್ಲಿನ ಮೈತುಂಬಾ ಮುಳ್ಳಿರುವ ಪುಟ್ಟ ಕಾಡುಪ್ರಾಣಿ, ಮಲಗಿತ್ತು. ಒಂದು ಅಂಗೈಯಲ್ಲಿ ಹಿಡಿಸುವಷ್ಟು ಚಿಕ್ಕದು. ಮೊದಲು ನೋಡಿದ್ದು ಮಗಳು. ನವೆಂಬರ್ ಕೊನೆ ಅಲ್ವಾ, ಚಳಿಗಾಲದ ನಿದ್ದೆಗೆ ಹೋಗಿರಬೇಕು, ಎಬ್ಬಿಸುವುದು ಬೇಡ ಎಂದರು ನಮ್ಮ ಯಜಮಾನರು. ಊರಿಂದ ಬಂದಿರುವ ಅತ್ತೆ ಮಾತ್ರ, "ಅದಕ್ಕೆ ಚಳಿ ಹಿಡಿದಿದೆ ಕಣಮ್ಮಾ, ಒಳಗೆ ತಂದು ಬೆಚ್ಚಗಿಡಿ" ಎಂದು ಎರಡು ಸಲ ಹೇಳಿದರು. ಕಾಡುಪ್ರಾಣಿ, ಮುಟ್ಟಬಾರದು ಎಂದು ನಾವು ಸುಮ್ಮನಾದೆವು. ಪಕ್ಕದಲ್ಲಿ ಒಂದು ಬಟ್ಟಲಲ್ಲಿ ಹಾಲು, ಬ್ರೆಡ್ ಚೂರು ಇಟ್ಟೆವು. ಬೆಳಿಗ್ಗೆ ನೋಡಿದರೆ ಸತ್ತಿತ್ತು. ಹಾಲು ಹಾಗೇ ಇತ್ತು. ಮಗಳು ಎರಡು ದಿನ ಸರಿಯಾಗಿ ಊಟ ಮಾಡಿಲ್ಲ. ನಾವು ಮಾಡಿದ್ದು ತಪ್ಪಾ? ಮುಂದೆ ಸಿಕ್ಕರೆ ಏನು ಮಾಡಬೇಕು?

ಉತ್ತರ: ನಿಮ್ಮ ಪತ್ರ ಓದಿ ನನಗೂ ಸಂಕಟವಾಯಿತು. ಮೊದಲು ಮಗಳಿಗೆ ಒಂದು ಮಾತು ಹೇಳಿ. ಅವಳ ಕಣ್ಣಿಗೆ ಬೀಳುವ ಹೊತ್ತಿಗೇ ಆ ಮರಿ ತುಂಬಾ ಸೋತುಹೋಗಿತ್ತು. ಒಳಗೆ ತಂದಿದ್ದರೆ ಖಂಡಿತ ಬದುಕುತ್ತಿತ್ತು ಎಂದು ನಾನು ಹೇಳಲಾರೆ. ಆದರೆ ನೀವು ನೇರವಾಗಿ ಕೇಳಿದ್ದೀರಿ, ನಾನೂ ನೇರವಾಗಿಯೇ ಹೇಳಬೇಕು. ಹೌದು, ಅದನ್ನು ಅಲ್ಲೇ ಬಿಟ್ಟಿದ್ದು ತಪ್ಪಾಯಿತು. ಅತ್ತೆಯವರು ಹೇಳಿದ್ದೇ ಸರಿ. ಹುಟ್ಟಿದ ಮಗುವನ್ನು ಮೊದಲು ಬೆಚ್ಚಗಿಡಬೇಕು ಎಂದು ಬಾಣಂತನ ಮಾಡಿದ ಹೆಂಗಸರಿಗೆ ಗೊತ್ತಿರುತ್ತದೆ. ಆ ತಿಳಿವಳಿಕೆ ಇಲ್ಲಿಗೂ ಹೊಂದುತ್ತಿತ್ತು.

ನಾನು ಇಂಗ್ಲೆಂಡಿನ ಒಂದು ವನ್ಯಜೀವಿ ಆಸ್ಪತ್ರೆಯಲ್ಲಿ ಪಶುವೈದ್ಯೆ. ಅಕ್ಟೋಬರ್ ಬಂತೆಂದರೆ ರಟ್ಟಿನ ಪೆಟ್ಟಿಗೆ ಹಿಡಿದ ಜನ ಬಾಗಿಲಿಗೆ ಬರತೊಡಗುತ್ತಾರೆ. ಎಷ್ಟೋ ಪೆಟ್ಟಿಗೆಯಲ್ಲಿ ನೀವು ಹೇಳಿದಂಥದೇ ಪುಟ್ಟ ಮರಿ. ಎಷ್ಟೋ ಜನರ ಬಾಯಲ್ಲಿ ಅದೇ ಮಾತು: "ನಿದ್ದೆ ಮಾಡ್ತಿದೆ ಅಂದುಕೊಂಡಿದ್ದೆವು." ಇಲ್ಲೇ ಹುಟ್ಟಿ ಬೆಳೆದವರೂ ಹೀಗೇ ಅಂದುಕೊಳ್ಳುತ್ತಾರೆ. ಹಾಗಾಗಿ ಈ ನಿದ್ದೆ ಎಂದರೆ ಏನು ಎಂಬುದನ್ನೇ ಮೊದಲು ಹೇಳುತ್ತೇನೆ. ಅದು ತಿಳಿದರೆ ಉಳಿದದ್ದು ತಾನಾಗಿ ತಿಳಿಯುತ್ತದೆ.

ನಮ್ಮ ಕಡೆ ಬೇಸಿಗೆಯಲ್ಲಿ ಕೆಲವು ಕಪ್ಪೆಗಳು ಮಣ್ಣಿನೊಳಗೆ ಸೇರಿ ಮೊದಲ ಮಳೆಗೆ ಹೊರಗೆ ಬರುತ್ತವಲ್ಲ, ಇದೂ ಸ್ವಲ್ಪ ಹಾಗೆಯೇ. ತಿನ್ನಲು ಏನೂ ಸಿಗದ ಕಾಲವನ್ನು ಉಸಿರು ಬಿಗಿಹಿಡಿದು ಕಳೆಯುವ ಉಪಾಯ. ಹೆಡ್ಜ್‌ಹಾಗ್ ತಿನ್ನುವುದು ಜೀರುಂಡೆ, ಎರೆಹುಳು, ಕಂಬಳಿಹುಳು ಇಂಥವನ್ನು. ಚಳಿಗಾಲದಲ್ಲಿ ಇವು ಸಿಗುವುದೇ ಕಷ್ಟ. ಅದಕ್ಕೇ ಅದು ಬೇಸಿಗೆ ಪೂರ್ತಿ ತಿಂದು ಮೈಯಲ್ಲಿ ಕೊಬ್ಬು ಕೂಡಿಟ್ಟುಕೊಳ್ಳುತ್ತದೆ. ನವೆಂಬರ್ ಹೊತ್ತಿಗೆ ಪೊದೆ ಬುಡದಲ್ಲೋ ಶೆಡ್ಡಿನ ಅಡಿಯಲ್ಲೋ ಒಣ ಎಲೆ ತುಂಬಿ, ಪದರ ಪದರವಾಗಿ ದಪ್ಪ ಗೂಡು ಕಟ್ಟುತ್ತದೆ. ಅದರೊಳಗೆ ಬಿಗಿಯಾಗಿ ಉಂಡೆ ಸುತ್ತಿಕೊಂಡು ಮಾರ್ಚ್‌ವರೆಗೆ ಕಾಲ ತಳ್ಳುತ್ತದೆ. ಎಚ್ಚರವಿದ್ದಾಗ ಅದರ ಮೈಬಿಸಿ ಸುಮಾರು 35 ಡಿಗ್ರಿ. ಈ ನಿದ್ದೆಯಲ್ಲಿ 10 ಡಿಗ್ರಿಗೆ, ಕೆಲವೊಮ್ಮೆ ಇನ್ನೂ ಕೆಳಗೆ ಇಳಿಯುತ್ತದೆ. ನಿಮಿಷಕ್ಕೆ 190 ಸಲ ಬಡಿಯುವ ಹೃದಯ 20ಕ್ಕೆ ಬರುತ್ತದೆ. ಉಸಿರಾಟವೂ ಆಗಾಗ ಪೂರ್ತಿ ನಿಂತಂತೆ ಇರುತ್ತದೆ.

ಆದರೆ ಈ ನಿದ್ದೆಯನ್ನು ಅದು ತಾನೇ ಅಳತೆ ಮಾಡಿ ನಡೆಸುತ್ತದೆ. ಮಧ್ಯೆ ಮಧ್ಯೆ ಎಚ್ಚರವಾಗುತ್ತದೆ, ಮತ್ತೆ ಮಲಗುತ್ತದೆ. ಹೀಗೆ ಎದ್ದೇಳುವಾಗ ಮೈ ಬಿಸಿ ಮಾಡಿಕೊಳ್ಳಲು ಭುಜದ ಸುತ್ತ ಕಂದು ಬಣ್ಣದ ಒಂದು ಬೇರೆಯದೇ ಕೊಬ್ಬು ಇರುತ್ತದೆ. ಮನೆಯಲ್ಲಿ ಸೌದೆ ಕೂಡಿಟ್ಟಂತೆ ಅದು. ಸೌದೆ ಇಲ್ಲದ ಮರಿಯ ಮೈ ಒಂದು ಸಲ ತಣ್ಣಗಾಯಿತೆಂದರೆ ತಾನಾಗಿ ಮೇಲೇಳಲು ಆಗುವುದಿಲ್ಲ. ನಿಮ್ಮ ಹಿತ್ತಲಿನ ಮರಿಗೆ ಆದದ್ದು ಅದೇ. ನಿದ್ದೆಯಲ್ಲೂ ಮೈ ತಣ್ಣಗಿರುತ್ತದೆ, ಚಳಿಗೆ ಸಾಯುತ್ತಿರುವಾಗಲೂ ತಣ್ಣಗಿರುತ್ತದೆ. ಅದಕ್ಕೇ ಜನ ಮೋಸಹೋಗುತ್ತಾರೆ.

ಹಾಗಾದರೆ ಗುರುತಿಸುವುದು ಹೇಗೆ? ಎಲ್ಲಿ ಮಲಗಿದೆ ಎಂದು ನೋಡಿ. ನಿಜವಾಗಿ ನಿದ್ದೆಗೆ ಹೋದದ್ದು ಬಯಲಲ್ಲಿ ಮಲಗುವುದಿಲ್ಲ. ಅದು ಗೂಡಿನೊಳಗಿರುತ್ತದೆ. ಎಲೆಗುಡ್ಡೆ ಕೆದಕದ ಹೊರತು ನಿಮ್ಮ ಕಣ್ಣಿಗೆ ಬೀಳುವುದೇ ಇಲ್ಲ. ಉಂಡೆ ಬಿಗಿಯಾಗಿರುತ್ತದೆ, ಮುಖ ಕಾಣುವುದಿಲ್ಲ. ಬೆರಳು ತಗುಲಿದರೆ ಮುಳ್ಳುಗಳು ನಿಧಾನಕ್ಕೆ ನಿಮಿರುತ್ತವೆ. ಕಷ್ಟದಲ್ಲಿರುವುದು ಹಾಗಲ್ಲ. ಹುಲ್ಲಿನ ಮೇಲೋ ಕಲ್ಲುಹಾಸಿನ ಮೇಲೋ ಬಿಚ್ಚಿ ಬಿಸಾಡಿದ ಬಟ್ಟೆಯ ಹಾಗೆ ಚಪ್ಪಟೆಯಾಗಿ ಬಿದ್ದಿರುತ್ತದೆ, ಅಥವಾ ಅರೆಬರೆ ಸುತ್ತಿಕೊಂಡಿರುತ್ತದೆ. ನಡೆದರೆ ಕುಡಿದವರ ಹಾಗೆ ತೂರಾಡುತ್ತದೆ. ಬಿಸಿಲಿದ್ದರೆ ಬಿಸಿಲು ಕಾಯಿಸುತ್ತಾ ಕೂತಂತೆ ಕಾಣುತ್ತದೆ. ಅದನ್ನು ನೋಡಿ "ಎಷ್ಟು ಚಂದ" ಎಂದು ಫೋಟೋ ತೆಗೆಯುವವರಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ. ಇದು ರಾತ್ರಿ ಓಡಾಡುವ ಪ್ರಾಣಿ. ಹಗಲಲ್ಲಿ ಬಿಸಿಲಿಗೆ ಬಂದು ಕೂತಿದೆ ಎಂದರೆ ಅದರ ಮೈಯಲ್ಲಿ ಬಿಸಿ ಉಳಿದಿಲ್ಲ ಎಂದೇ ಅರ್ಥ.

ಹಗಲಲ್ಲಿ ಕಂಡರೂ ಬಿಟ್ಟುಬಿಡಬೇಕಾದ ಸಂದರ್ಭ ಒಂದಿದೆ. ಬೇಸಿಗೆಯಲ್ಲಿ ದೊಡ್ಡ ಗಾತ್ರದ್ದೊಂದು ಬಾಯಲ್ಲಿ ಎಲೆ ಕಚ್ಚಿಕೊಂಡು ಚುರುಕಾಗಿ ಎಲ್ಲಿಗೋ ಹೊರಟಿದ್ದರೆ ಅದು ಬಾಣಂತಿ ತಾಯಿ. ಹತ್ತಿರದಲ್ಲೇ ಮರಿಗಳಿರುತ್ತವೆ. ಅದನ್ನು ಎತ್ತಿದರೆ ಮರಿಗಳು ಹಸಿದು ಸಾಯುತ್ತವೆ. ನವೆಂಬರ್ ಕೊನೆಯಲ್ಲಿ, ಅಂಗೈ ಗಾತ್ರದ ಮರಿಯ ವಿಷಯದಲ್ಲಿ ಈ ಅನುಮಾನಕ್ಕೆ ಜಾಗವೇ ಇಲ್ಲ.

ಮುಟ್ಟಬಾರದು ಎಂಬ ನಿಮ್ಮ ಹಿಂಜರಿಕೆ ನನಗೆ ಅರ್ಥವಾಗುತ್ತದೆ. ಊರಲ್ಲಿ ಕಾಡುಪ್ರಾಣಿ ಕಂಡರೆ ಅರಣ್ಯ ಇಲಾಖೆಗೆ ಫೋನ್ ಮಾಡಿ ದೂರ ನಿಲ್ಲಬೇಕು ಎಂದು ಕಲಿತವರು ನಾವು. ಅಲ್ಲಿಗೆ ಅದು ಸರಿಯಾದ ಪಾಠ. ಇಲ್ಲಿ ಬ್ರಿಟನ್ನಿನಲ್ಲಿ ನಿತ್ರಾಣವಾದ ಹೆಡ್ಜ್‌ಹಾಗನ್ನು ಉಳಿಸಲು ಎತ್ತಿಕೊಳ್ಳುವುದಕ್ಕೆ ಕಾನೂನಿನ ಅಡ್ಡಿ ಇಲ್ಲ. ಗುಣವಾದ ಮೇಲೆ ಬಿಡಬೇಕು, ಅಷ್ಟೇ.

ಇನ್ನು ಎತ್ತುವ ವಿಷಯ. ತೋಟದ ಕೆಲಸದ ದಪ್ಪ ಕೈಗವಸು ಹಾಕಿಕೊಳ್ಳಿ. ಇಲ್ಲದಿದ್ದರೆ ಹಳೆಯ ಟವೆಲ್ ಎರಡು ಮಡಿಕೆ ಮಾಡಿ ಎರಡೂ ಕೈಯಿಂದ ಅಡಿಗೆ ಹಾಕಿ ಎತ್ತಿ. ಅದು ಮುಳ್ಳು ಎಸೆಯುವುದಿಲ್ಲ, ಹೆದರಬೇಡಿ. ಬರಿಗೈ ಬೇಡ ಎನ್ನುವುದಕ್ಕೆ ಮುಳ್ಳಿನ ಜೊತೆ ಇನ್ನೊಂದು ಕಾರಣವಿದೆ. ಇವುಗಳ ಮೈಯಲ್ಲಿ ಹುಳುಕಡ್ಡಿಯಂಥ ಚರ್ಮರೋಗ ಇರುವುದುಂಟು, ಅದು ನಮಗೂ ಅಂಟುತ್ತದೆ. ಮುಟ್ಟಿದ ಮೇಲೆ ಸೋಪು ಹಾಕಿ ಕೈ ತೊಳೆಯಿರಿ. ಮಗಳಿಗೂ ಹೇಳಿ.

ಎತ್ತರದ ಒಂದು ರಟ್ಟಿನ ಪೆಟ್ಟಿಗೆ ಬೇಕು. ಇವು ಚೆನ್ನಾಗಿ ಹತ್ತುತ್ತವೆ, ಗಿಡ್ಡ ಪೆಟ್ಟಿಗೆಯಾದರೆ ಚೇತರಿಸಿಕೊಂಡ ಮೇಲೆ ರಾತ್ರಿ ನಿಮ್ಮ ಸೋಫಾ ಹಿಂದೆ ಸೇರಿಕೊಳ್ಳುತ್ತದೆ. ತಳಕ್ಕೆ ಪೇಪರ್ ಹಾಸಿ. ಅದರ ಮೇಲೆ ಹಾಟ್ ವಾಟರ್ ಬ್ಯಾಗ್ ಇಡಿ. ನೀರು ಕೈಗೆ ಹಿತವಾಗುವಷ್ಟು ಬಿಸಿ ಇರಲಿ, ಕುದಿಯುವ ನೀರು ಬೇಡ. ಬ್ಯಾಗನ್ನು ಟವೆಲ್‌ನಲ್ಲಿ ಸುತ್ತಿ. ಬ್ಯಾಗ್ ಇಲ್ಲದಿದ್ದರೆ ಪ್ಲಾಸ್ಟಿಕ್ ಬಾಟಲಿಗೆ ಬೆಚ್ಚಗಿನ ನೀರು ತುಂಬಿ ಕಾಲುಚೀಲದೊಳಗೆ ತೂರಿಸಿದರೂ ಆದೀತು. ಬಿಸಿ ಪೆಟ್ಟಿಗೆಯ ಒಂದು ಬದಿಗೆ ಮಾತ್ರ ಇರಲಿ. ಬಿಸಿ ಜಾಸ್ತಿ ಅನ್ನಿಸಿದರೆ ಅದು ಆಚೆ ಸರಿಯಲು ಜಾಗ ಬೇಕು. ಮೇಲೆ ಇನ್ನೊಂದು ಟವೆಲ್ ಹೊದಿಸಿಬಿಡಿ. ಹೊದ್ದುಕೊಂಡು ಅಡಗಿದರೆ ಅದಕ್ಕೆ ಧೈರ್ಯ.

ಒಂದು ಮಾತು ಮರೆಯಬೇಡಿ. ಹಾಟ್ ವಾಟರ್ ಬ್ಯಾಗ್ ತಣ್ಣಗಾದರೆ ಅದೇ ಶತ್ರು. ಮರಿಯ ಮೈಯಲ್ಲಿ ಉಳಿದ ಬಿಸಿಯನ್ನೂ ಅದು ಎಳೆದುಕೊಳ್ಳುತ್ತದೆ. ಸಂಜೆ ಇಟ್ಟು ಬೆಳಿಗ್ಗೆ ನೋಡುತ್ತೇನೆ ಎಂದರೆ ಆಗುವುದಿಲ್ಲ. ಅಲಾರಂ ಇಟ್ಟುಕೊಂಡು ರಾತ್ರಿ ಎರಡು ಮೂರು ಸಲ ಎದ್ದು ನೀರು ಬದಲಾಯಿಸಬೇಕು. ಅತ್ತೆಯವರು ಈ ಕೆಲಸ ತಾವೇ ವಹಿಸಿಕೊಳ್ಳುತ್ತಿದ್ದರು ಎಂದು ನನಗೆ ಅನಿಸುತ್ತದೆ. ಟಿವಿ ಇಲ್ಲದ, ನಾಯಿ ಬೆಕ್ಕು ಬರದ ಕೋಣೆಯಲ್ಲಿ ಪೆಟ್ಟಿಗೆ ಇಡಿ. ಮಕ್ಕಳು ಪದೇ ಪದೇ ಮುಚ್ಚಳ ತೆಗೆದು ನೋಡದ ಹಾಗೆ ಪ್ರೀತಿಯಿಂದಲೇ ಹೇಳಿ. ಅದರ ಪಾಲಿಗೆ ನಾವು ಬೇಟೆಯಾಡಲು ಬಂದವರು. ನಮ್ಮ ಮುಖ ಕಂಡಷ್ಟೂ ಅದರ ಎದೆ ಬಡಿತ ಏರುತ್ತದೆ.

ಈಗ ಆಹಾರ. ಇಲ್ಲಿ ನಾನು ಸ್ವಲ್ಪ ನಿಂತು ಹೇಳಬೇಕು. ಸೋತ ಪ್ರಾಣಿ ಕಂಡರೆ ನಮ್ಮ ಕೈ ಮೊದಲು ಹೋಗುವುದೇ ಹಾಲಿನ ಬಟ್ಟಲಿಗೆ. ಹೆಡ್ಜ್‌ಹಾಗ್‌ಗೆ ಹಾಲು ಆಗಿಬರುವುದಿಲ್ಲ. ಅದರಲ್ಲಿರುವ ಸಕ್ಕರೆ ಅದಕ್ಕೆ ಜೀರ್ಣವಾಗುವುದಿಲ್ಲ, ಭೇದಿಯಾಗುತ್ತದೆ. ಮೊದಲೇ ಮೈಯಲ್ಲಿ ನೀರಿಲ್ಲದ ಮರಿ ಇನ್ನಷ್ಟು ಒಣಗುತ್ತದೆ. ಬ್ರೆಡ್‌ನಿಂದ ಹೊಟ್ಟೆ ತುಂಬುತ್ತದೆ, ಶಕ್ತಿ ಬರುವುದಿಲ್ಲ. ನಿಮ್ಮ ಮರಿ ಅವನ್ನು ಮುಟ್ಟಲಿಲ್ಲ, ಹಾಗಾಗಿ ಅದು ಸತ್ತದ್ದು ಹಾಲಿನಿಂದ ಅಲ್ಲ. ಇದನ್ನು ಮಗಳಿಗೆ ತಪ್ಪದೆ ಹೇಳಿ. ಬಟ್ಟಲು ಇಟ್ಟವಳು ಅವಳೇ ಆಗಿದ್ದರೆ ಈ ಮಾತು ಅವಳಿಗೆ ಬೇಕು.

ಅದಕ್ಕಿಂತ ಮುಖ್ಯವಾದದ್ದು ಇನ್ನೊಂದು. ಮೈ ತಣ್ಣಗಿರುವಾಗ ಯಾವ ಆಹಾರವನ್ನೂ ಕೊಡಬಾರದು. ಹೊಟ್ಟೆ ಕೆಲಸ ಮಾಡಲು ಬಿಸಿ ಬೇಕು. ತಣ್ಣಗಿರುವ ಹೊಟ್ಟೆಗೆ ಬಿದ್ದ ಆಹಾರ ಅಲ್ಲೇ ಕೂರುತ್ತದೆ. ನಾನು ಈ ಕೆಲಸಕ್ಕೆ ಸೇರಿದ ಮೊದಲ ಚಳಿಗಾಲದಲ್ಲಿ ಒಂದು ಮರಿಯನ್ನು ಹೀಗೆ ಕಳೆದುಕೊಂಡೆ. ಮೂಳೆ ಕಾಣುವಷ್ಟು ಬಡಕಲಾಗಿತ್ತು. ಅದರ ಹಸಿವು ನೋಡಲಾರದೆ, ಮೈ ಪೂರ್ತಿ ಬೆಚ್ಚಗಾಗುವ ಮೊದಲೇ ತಿನ್ನಿಸಿದೆ. ಓದಿ ಬಂದ ನಾನೇ ಹೀಗೆ ಮಾಡಿದ್ದೆ. ಬೆಳಗಿನ ಜಾವಕ್ಕೆ ಅದು ಹೋಯಿತು. ಆಮೇಲಿಂದ ಹೊಸದಾಗಿ ಸೇರಿದವರಿಗೆಲ್ಲ ನಾನು ಮೊದಲು ಹೇಳುವುದು ಇದನ್ನೇ: ಬಿಸಿ ಮೊದಲು, ನೀರು ಆಮೇಲೆ, ಊಟ ಕೊನೆಗೆ. ಗವಸು ಹಾಕಿದ ಕೈಯಿಂದ ಅದರ ಹೊಟ್ಟೆಯ ಅಡಿಗೆ ಟವೆಲ್ ಸರಿಸಿ, ಆ ಟವೆಲ್ ಮುಟ್ಟಿ ನೋಡಿ. ಮೈ ಬೆಚ್ಚಗಾಗಿ ಅದು ತಾನಾಗಿ ಓಡಾಡತೊಡಗಿದ ಮೇಲೆ ಅಗಲವಾದ ಸಣ್ಣ ತಟ್ಟೆಯಲ್ಲಿ ನೀರಿಡಿ. ಬಾಯಿಗೆ ಹನಿ ಹನಿಯಾಗಿ ಬಿಡಬೇಡಿ. ಇಂಕ್ ಫಿಲ್ಲರ್, ಸಿರಿಂಜ್ ಯಾವುದೂ ಬೇಡ. ನಿತ್ರಾಣವಾದ ಮರಿಗೆ ನುಂಗುವ ಶಕ್ತಿಯೂ ಇರುವುದಿಲ್ಲ, ನೀರು ನೇರ ಶ್ವಾಸಕೋಶಕ್ಕೆ ಇಳಿಯುತ್ತದೆ.

ತಿನ್ನಲು ಕೊಡಬೇಕಾದದ್ದು ಮಾಂಸದ ಬೆಕ್ಕಿನ ಅಥವಾ ನಾಯಿಯ ಆಹಾರ. ಡಬ್ಬಿಯದ್ದಾದರೂ ಸರಿ, ಬೆಕ್ಕಿನ ಮರಿಗಳ ಬಿಸ್ಕೆಟ್ ಆದರೂ ಸರಿ. ನಮ್ಮ ಎಷ್ಟೋ ಮನೆಗಳಲ್ಲಿ ಮಾಂಸ ಒಳಗೆ ತರುವುದಿಲ್ಲ ಎಂದು ನನಗೆ ಗೊತ್ತು. ನನ್ನನ್ನು ಈ ಬಗ್ಗೆ ಸಂಕೋಚದಿಂದ ಕೇಳಿದವರಿದ್ದಾರೆ. ಮೊಸರನ್ನ ಹಾಕಬಹುದಾ, ಚಪಾತಿ ಚೂರು ಹಾಕಬಹುದಾ ಎಂದು. ಬೇಡ. ಅದು ಹುಳುಹುಪ್ಪಟೆ ತಿಂದು ಬದುಕುವ ಜೀವ. ನಿಮ್ಮ ಮನೆಯಲ್ಲಿ ಆ ಆಹಾರ ಇಲ್ಲದಿದ್ದರೆ ಒಂದು ರಾತ್ರಿ ಬರೀ ಬಿಸಿ ಮತ್ತು ನೀರು ಕೊಡಿ, ಸಾಕು. ಊಟದ ಚಿಂತೆ ಆಸ್ಪತ್ರೆಯವರಿಗೆ ಬಿಡಿ. ಅಂಗಡಿಗಳಲ್ಲಿ ಒಣ ಮೀಲ್‌ವರ್ಮ್ ಹುಳುಗಳ ಪೊಟ್ಟಣ ಮಾರುತ್ತಾರೆ. ಹುಳುವೇ ತಾನೇ ಅದರ ಊಟ ಎಂದು ತರಬೇಡಿ. ಅದರಲ್ಲಿ ರಂಜಕ ಜಾಸ್ತಿ, ಕ್ಯಾಲ್ಸಿಯಂ ಕಡಿಮೆ. ಅದನ್ನೇ ತಿಂದು ತಿಂದು ಮೂಳೆ ಮೆತ್ತಗಾಗಿ ನಡೆಯಲಾರದೆ ಬಂದ ಹೆಡ್ಜ್‌ಹಾಗ್‌ಗಳನ್ನು ನಾವು ನೋಡಿದ್ದೇವೆ.

ಹುಳು ತಿನ್ನುತ್ತದಾ, ಇದು ನಮ್ಮ ಮುಳ್ಳುಹಂದಿ ಅಲ್ವಾ, ಅದು ಗೆಡ್ಡೆಗೆಣಸು ತಿನ್ನುತ್ತದಲ್ಲ ಎಂದು ಅತ್ತೆಯವರು ಕೇಳಬಹುದು. ಎರಡೂ ಬೇರೆ. ನಮ್ಮ ಮುಳ್ಳುಹಂದಿ ಹತ್ತು ಕಿಲೋಗೂ ಮೀರಿ ತೂಗುವ, ಇಲಿ ಅಳಿಲುಗಳ ಬಳಗದ ಪ್ರಾಣಿ. ಹೆಡ್ಜ್‌ಹಾಗ್ ಸುಂಡಿಲಿಗೆ ಹತ್ತಿರದ ನೆಂಟ. ಅದರದೇ ಒಂದು ಜಾತಿ ತಮಿಳುನಾಡಿನ ಒಣ ಬಯಲುಗಳಲ್ಲಿದೆ.

ಪೆಟ್ಟಿಗೆ ಸಿದ್ಧವಾದ ಕೂಡಲೇ ಫೋನ್ ಮಾಡಿ. ಬೆಳಿಗ್ಗೆವರೆಗೆ ಕಾಯಬೇಡಿ. ಬ್ರಿಟಿಷ್ ಹೆಡ್ಜ್‌ಹಾಗ್ ಪ್ರಿಸರ್ವೇಶನ್ ಸೊಸೈಟಿ 1982ರಿಂದ ಈ ಕೆಲಸದಲ್ಲಿದೆ. ನಿಮಗೆ ಹತ್ತಿರದಲ್ಲಿ ಯಾರು ಆರೈಕೆ ಮಾಡುತ್ತಾರೆ ಎಂದು ಅವರು ಹೇಳುತ್ತಾರೆ. ನಿಮ್ಮ ಪಕ್ಕದ ಬಕಿಂಗ್‌ಹ್ಯಾಮ್‌ಶೈರ್‌ನ ಹ್ಯಾಡನ್‌ಹ್ಯಾಮ್‌ನಲ್ಲಿ ಟಿಗ್ಗಿವಿಂಕಲ್ಸ್ ಎಂಬ ವನ್ಯಜೀವಿ ಆಸ್ಪತ್ರೆ ಇದೆ. ಲೆಸ್ ಸ್ಟಾಕರ್ ಎಂಬವರು 1978ರಲ್ಲಿ ಶುರು ಮಾಡಿದ್ದು. ಯಾರೂ ಸಿಗದಿದ್ದರೆ ಹತ್ತಿರದ ಪಶುವೈದ್ಯರ ಕ್ಲಿನಿಕ್‌ಗೆ ಫೋನ್ ಮಾಡಿ. ಕಾಡುಪ್ರಾಣಿಗೆ ಪ್ರಥಮ ಚಿಕಿತ್ಸೆ ಕೊಡುವುದು ಅವರ ಕರ್ತವ್ಯ, ಸಾಮಾನ್ಯವಾಗಿ ಅದಕ್ಕೆ ದುಡ್ಡು ಕೇಳುವುದಿಲ್ಲ. ಇಷ್ಟು ಅವಸರ ಯಾಕೆ ಎಂದರೆ, ಇಂಥ ಮರಿಗೆ ಬರೀ ಚಳಿ ಒಂದೇ ಕಷ್ಟವಾಗಿರುವುದು ಕಡಿಮೆ. ಬಸವನಹುಳು, ಎರೆಹುಳು ತಿಂದಾಗ ಶ್ವಾಸಕೋಶಕ್ಕೆ ಸೇರುವ ದಾರದಂಥ ಹುಳುಗಳಿವೆ. ಕೆಮ್ಮು, ಗೊರಗೊರ ಸದ್ದು, ತೂಕ ಇಳಿಯುವುದು ಎಲ್ಲಾ ಅದರಿಂದ. ಅದಕ್ಕೆ ಇಂಜೆಕ್ಷನ್ ಬೇಕು. ಪ್ರೀತಿಯಿಂದ ಎಷ್ಟು ತಿನ್ನಿಸಿದರೂ ಹೋಗುವುದಿಲ್ಲ. ಹಾಗಾಗಿ ಮನೆಯಲ್ಲೇ ಸಾಕಿ ದೊಡ್ಡದು ಮಾಡುತ್ತೇವೆ ಎಂಬ ಯೋಚನೆ ಬೇಡ.

ಫೋನಿನಲ್ಲಿ ಅವರು ಮೊದಲು ತೂಕ ಕೇಳುತ್ತಾರೆ. ಅಡುಗೆಮನೆಯ ಡಿಜಿಟಲ್ ತಕ್ಕಡಿಯ ಮೇಲೆ ಖಾಲಿ ಡಬ್ಬಿ ಇಟ್ಟು ಸೊನ್ನೆ ಮಾಡಿ, ಅದರಲ್ಲಿ ಮರಿ ಇಟ್ಟು ನೋಡಿ. ಚಳಿಗಾಲದ ನಿದ್ದೆ ದಾಟಲು ಕನಿಷ್ಠ 450 ಗ್ರಾಂ ಬೇಕು ಎಂಬುದು ಈಗಿನ ಲೆಕ್ಕ. ಹಿಂದೆ 600 ಎನ್ನುತ್ತಿದ್ದರು. ನಿದ್ದೆಯಲ್ಲಿ ಮೈತೂಕದ ಮೂರನೇ ಒಂದು ಭಾಗದಷ್ಟು ಕರಗಬಹುದು. ಅಂಗೈಯಲ್ಲಿ ಹಿಡಿಸುವಷ್ಟು ಎಂದು ನೀವು ಬರೆದದ್ದು ನೋಡಿದರೆ ನಿಮ್ಮದು 300 ಗ್ರಾಂ ಕೂಡ ಇರಲಿಕ್ಕಿಲ್ಲ. ಸೆಪ್ಟೆಂಬರ್‌ನಲ್ಲಿ ತಡವಾಗಿ ಹುಟ್ಟಿದ ಮರಿ ಇರಬೇಕು. ತಾಯಿಹಾಲು ಬಿಟ್ಟು ತಾನೇ ಬೇಟೆಗೆ ಇಳಿಯುವ ಹೊತ್ತಿಗೆ ಹುಳುಗಳ ಕಾಲವೇ ಮುಗಿದಿರುತ್ತದೆ. ಹಸಿವು ತಡೆಯಲಾರದೆ ಹಗಲಲ್ಲೂ ಹುಡುಕಲು ಹೊರಡುತ್ತದೆ. ನಿಮ್ಮ ಹುಲ್ಲಿನ ಮೇಲೆ ಅದು ಬಂದದ್ದು ಊಟ ಹುಡುಕಿಕೊಂಡು.

ಒಂದು ಪುಟ್ಟ ಮರಿಗಾಗಿ ಇಷ್ಟೆಲ್ಲ ಯಾಕೆ ಎಂದು ಕೆಲವರು ಕೇಳುತ್ತಾರೆ. 2020ರಲ್ಲಿ ಬ್ರಿಟನ್ನಿನ ಸಸ್ತನಿಗಳ ಕೆಂಪು ಪಟ್ಟಿಯಲ್ಲಿ ಹೆಡ್ಜ್‌ಹಾಗನ್ನು ಅಳಿವಿನ ಅಪಾಯ ಇರುವ ಪ್ರಾಣಿ ಎಂದು ಸೇರಿಸಿದರು. 2022ರ ವರದಿಯ ಪ್ರಕಾರ 2000ದಿಂದ ಈಚೆಗೆ ಹಳ್ಳಿಗಾಡಿನಲ್ಲಿ ಇವುಗಳ ಸಂಖ್ಯೆ ಪ್ರದೇಶಕ್ಕೆ ತಕ್ಕಂತೆ ಶೇಕಡಾ 30ರಿಂದ 75ರಷ್ಟು ಇಳಿದಿದೆ. ಹೊಲದ ಬೇಲಿಗಿಡಗಳು ಹೋದವು, ರಸ್ತೆಗಳು ಬಂದವು. ಈಗ ನಿಮ್ಮಂಥವರ ಹಿತ್ತಲುಗಳೇ ಅವುಗಳ ಆಸರೆ.

ಆ ಹಿತ್ತಲಿನ ಬಗ್ಗೆ ಎರಡು ಮಾತು. ಒಣ ಎಲೆ ಗುಡಿಸಿ ಚೀಲಕ್ಕೆ ತುಂಬಬೇಡಿ, ಒಂದು ಮೂಲೆಗೆ ತಳ್ಳಿ ಹಾಗೇ ಬಿಡಿ. ಬೇಲಿಯ ಬುಡದಲ್ಲಿ 13 ಸೆಂಟಿಮೀಟರ್ ಅಗಲ, ಅಷ್ಟೇ ಎತ್ತರದ ಒಂದು ಕಿಂಡಿ ಮಾಡಿಸಿ. ಬಾಡಿಗೆ ಮನೆಯಾದರೆ ಮಾಲೀಕರನ್ನು ಕೇಳಿ. ಒಂದು ರಾತ್ರಿಗೆ ಒಂದೆರಡು ಕಿಲೋಮೀಟರ್ ತಿರುಗಿ ಮೇಯುವ ಪ್ರಾಣಿಗೆ ಒಂದು ಹಿತ್ತಲು ಸಾಲುವುದಿಲ್ಲ. ಎಲೆಗುಡ್ಡೆ ಸರಿಸುವಾಗ ಅಕಸ್ಮಾತ್ ನಿಜವಾಗಿ ಮಲಗಿರುವ ಹೆಡ್ಜ್‌ಹಾಗ್ ಕಂಡರೆ, ದಪ್ಪಗೆ ದುಂಡಗೆ ಬಿಗಿಯಾಗಿದ್ದರೆ, ಅವೇ ಎಲೆಗಳನ್ನು ಮತ್ತೆ ಮುಚ್ಚಿ ಸುಮ್ನೆ ಬಂದುಬಿಡಿ. ಎಚ್ಚರವಾದರೆ ಇರಲಿ ಎಂದು ಹತ್ತಿರದಲ್ಲಿ ನೀರು, ಸ್ವಲ್ಪ ಬೆಕ್ಕಿನ ಬಿಸ್ಕೆಟ್ ಇಡಿ. ಅದನ್ನು ಒಳಗೆ ತಂದು ಬೆಚ್ಚಗೆ ಮಾಡಿದರೆ ಕೂಡಿಟ್ಟ ಕೊಬ್ಬನ್ನು ಸುಮ್ಮನೆ ಸುಡಿಸಿದಂತೆ.

ಕೊನೆಗೆ, ಇದನ್ನು ಓದಿದ ಇವತ್ತೇ ಮಾಡಬೇಕಾದ ಕೆಲಸ ಒಂದಿದೆ. ಹೆಡ್ಜ್‌ಹಾಗ್ ಒಂದು ಸೂಲಿಗೆ ನಾಲ್ಕೈದು ಮರಿ ಹಾಕುತ್ತದೆ. ನಿಮಗೆ ಸಿಕ್ಕ ಮರಿಯ ಒಡಹುಟ್ಟಿದವು ಅಲ್ಲೇ ಹತ್ತಿರದಲ್ಲಿರಬಹುದು, ಅವೂ ಅಷ್ಟೇ ಸೋತಿರಬಹುದು. ಈಗ ನಾಲ್ಕು ಗಂಟೆಗೆಲ್ಲ ಕತ್ತಲಾಗುತ್ತದೆ. ಕತ್ತಲಾದ ಮೇಲೆ ಮಗಳ ಕೈಗೆ ಟಾರ್ಚ್ ಕೊಟ್ಟು ಎಲ್ಲರೂ ಒಟ್ಟಿಗೆ ಹೊರಗೆ ಹೋಗಿ. ಬೇಲಿಯ ಬುಡ, ಶೆಡ್ಡಿನ ಸಂದು, ಪೊದೆಯ ಅಡಿ ಎಲ್ಲಾ ನೋಡಿ. ಪಕ್ಕದ ಮನೆಯವರಿಗೂ ಹೇಳಿ. ನಾಳೆ ಹಗಲಲ್ಲಿ ಇನ್ನೊಮ್ಮೆ ನೋಡಿ. ಮೊದಲನೆಯದನ್ನು ಕಂಡದ್ದು ಮಗಳ ಕಣ್ಣು ಅಲ್ವಾ, ಹುಡುಕುವಾಗ ಅವಳೇ ಮುಂದೆ ಇರಲಿ. ಹೊರಡುವ ಮೊದಲು ಪೆಟ್ಟಿಗೆಯಲ್ಲಿ ಟವೆಲ್ ಹಾಸಿ, ಕೆಟಲ್‌ಗೆ ನೀರು ತುಂಬಿಸಿಟ್ಟಿರಿ.